ಕಲಿತ ಒಂದೇ ಪದ

"ತೊಲೂ!" ಎನ್ನುತ್ತ ಅವನು ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದ. ಮುದುಕಿ ಬೆರಳ ಸಂದಿಯಲ್ಲೇ ಇನ್ನೊಂದು ಆಲೂಗಡ್ಡೆ ತೂರಿಸಿದಳು.

ಅವನು ಲಿಫ್ಟ್ ರಿಪೇರಿಯವನು. ಇವತ್ತು ಸಂಜೆಯೊಳಗೆ ಊರಾಚೆಯ ಕಾರ್ಖಾನೆಗೆ ಹೋಗಿ, ತನ್ನ ನಾಡಿನವನೇ ಆದ ಮೇಸ್ತ್ರಿಯೆದುರು ಕೈಚಳಕ ತೋರಿಸಿದರೆ ನೌಕರಿ. ಮನೆಯಲ್ಲಿ ಖಾಲಿ ಕೂತು, ಹೆಂಡತಿಯ ಬಾಯಿಗೆ ಬಿದ್ದು ಬೇಸತ್ತವನಿಗೆ ಉಳಿದಿದ್ದ ಆಸೆ ಅದೊಂದೇ. ಅದಕ್ಕೆಂದೇ ಗಡಿ ದಾಟಿ ಈ ಪರದೇಶದ ನಗರಕ್ಕೆ ಬಂದಿದ್ದ. ಬಸ್ ನಿಲ್ದಾಣದ ದಾರಿ ತಿಳಿಯದೆ, ಬಾಗಿಲಲ್ಲಿ ನಿಂತಿದ್ದ ಈ ಮುದುಕಿಯನ್ನು ಕೈಸನ್ನೆಯಲ್ಲಿ ಕೇಳಿದ್ದೇ ತಪ್ಪಾಯಿತು. ಅವಳು ಅವನ ಬತ್ತಿದ ಮುಖ ನೋಡಿ, ಕೈ ಹಿಡಿದು ಒಳಗೆ ಎಳೆದು, ಊಟಕ್ಕೆ ಕೂರಿಸಿಬಿಟ್ಟಳು.

ಇಲ್ಲಿಯ ಭಾಷೆಯಲ್ಲಿ ಅವನು ಕಲಿತದ್ದು ಒಂದೇ ಪದ. ಬೆಳಿಗ್ಗೆ ರೈಲಿನಲ್ಲಿ ಎದುರು ಸೀಟಿನ ಹೆಂಗಸು ಮಗುವಿಗೆ ಉಣಿಸುತ್ತಿದ್ದಳು. ಮಗು ಚಮಚ ತಳ್ಳಿ, "ತೊಲೂ! ತೊಲೂ!" ಎಂದು ಕಿರುಚಿತು. ಚಮಚ ಹಿಂದೆ ಸರಿಯಿತು. ಕಿವಿಗೂ ಅದು ನಮ್ಮ 'ತೊಲಗು'ವಿನ ತಮ್ಮನಂತೆಯೇ ಕೇಳಿಸಿತು. ಓಹೋ, ಸಾಕು ಅನ್ನುವುದಕ್ಕೆ ಇವರು ಹೀಗನ್ನುತ್ತಾರೆ ಎಂದು ಬಾಯಿಪಾಠ ಮಾಡಿಕೊಂಡ. ಪರದೇಶದಲ್ಲಿ 'ಬೇಕು' ಬಾರದಿದ್ದರೂ ನಡೆದೀತು, 'ಸಾಕು' ಬರಲೇಬೇಕು.

ಆದರೆ ಈ ಮುದುಕಿಯ ಮುಂದೆ ಆ ಪದ ನಡೆಯಲೇ ಇಲ್ಲ. ಮೊದಲ ಸಲ ಅಂದಾಗ ಅವಳ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಸದ್ಯ, ತಿಳಿಯಿತು ಅಂದುಕೊಂಡ. ಮರುಕ್ಷಣವೇ ಸಾರು ತಟ್ಟೆಯ ಅಂಚು ದಾಟಿತು. ಅವಳು ಗಂಡನನ್ನು ಕೂಗಿದಳು. ಒಳಗೆ ಚಪ್ಪಲಿ ಹೊಲಿಯುತ್ತಿದ್ದ ಮುದುಕ ಸೂಜಿ ಹಿಡಿದೇ ಬಂದ. ಇವನು ಮತ್ತೊಮ್ಮೆ ಗಟ್ಟಿಯಾಗಿ ಅಂದ. ಮುದುಕ ಮೂಗೊರೆಸಿಕೊಂಡು ಬ್ರೆಡ್ ಕೊಯ್ಯಲು ಕೂತ.

ಮನೆಯಲ್ಲಿ ಇದ್ದದ್ದೇ ಎರಡು ಕುರ್ಚಿ, ಎರಡು ತಟ್ಟೆ. ಇನ್ನೊಂದು ತಟ್ಟೆಗೆಂದು ಪಕ್ಕದ ಮನೆಗೆ ಓಡಿದ ಮುದುಕಿ, ತಟ್ಟೆಯ ಜೊತೆ ಪಕ್ಕದ ಮನೆಯವಳನ್ನೂ ಕರೆತಂದಳು. ಅವಳ ಕಣ್ಣೆದುರೇ ಇವನಿಗೆ ಇನ್ನೊಂದು ತುಂಡು ಬ್ರೆಡ್ ಬಡಿಸಿ, ಇವನ ಬಾಯನ್ನೇ ನೋಡುತ್ತ ಕಾದಳು.

"ತೊಲೂ, ತೊಲೂ, ತೊಲೂ!" ಅವನು ಹಲ್ಲು ಕಚ್ಚಿ ಅಂದ.

ಪಕ್ಕದ ಮನೆಯವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಾನೇನು ಮಾತಾಡುವ ಗಿಳಿಯೇ? ಅವನ ಸಿಟ್ಟು ನೆತ್ತಿಗೇರಿತು. ಉಪಚಾರವೂ ಅತಿಯಾದರೆ ಹಿಂಸೆಯೇ. ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು. ಏಳಹೋದರೆ ಮುದುಕಿ ಭುಜ ಒತ್ತಿ ಕೂರಿಸಿದಳು. ಕೊನೆಗೆ ಕುರ್ಚಿ ಹಿಂದಕ್ಕೆ ತಳ್ಳಿ, ಆ ಪದವನ್ನು ಬೀದಿಗೆಲ್ಲ ಕೇಳುವಂತೆ ಅರಚಿ, ಕಾಲಿಗೆ ಬುದ್ಧಿ ಹೇಳಿದ.

ನಿಲ್ದಾಣ ಅಲ್ಲೇ ಪಕ್ಕದ ಬೀದಿಯಲ್ಲಿತ್ತು. ಬಸ್ಸು ಮಾತ್ರ ಇರಲಿಲ್ಲ. ಫೋನು ಮಾಡಿದರೆ ಮೇಸ್ತ್ರಿ, "ಬೇರೆಯವನನ್ನ ತಗೊಂಡಾಯ್ತು" ಎಂದು ಇಟ್ಟೇಬಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇವನಿಗೆ ಬಾಯಿಗೆ ಬಂದ ತುತ್ತುಗಳೇ ಕೈಗೆ ಬಂದ ಕೆಲಸವನ್ನು ನುಂಗಿದ್ದವು. ಅವನು ನಿಂತಲ್ಲೇ ಬೈಯತೊಡಗಿದ.

"ಏನಾಯ್ತಣ್ಣ?" ನಿಲ್ದಾಣದ ಹಣ್ಣಿನಂಗಡಿಯವನು ನಗುತ್ತ ಕೇಳಿದ. ಇವನದೇ ಭಾಷೆ!

"ಒಂಚೂರು ಬನ್ನಿ ನನ್ ಜೊತೆ. ಆ ಚಪ್ಪಲಿ ಹೊಲಿಯೋನ ಹೆಂಡ್ತಿಗೆ ಅವಳ ಭಾಷೇಲೇ ನಾಲ್ಕು ಮಾತು ಹೇಳ್ಬೇಕು. ನನ್ನ ಅನ್ನಕ್ಕೆ ಕಲ್ಲು ಹಾಕಿದ್ಲು!"

"ಅಯ್ಯೋ, ಆ ಅಜ್ಜೀನಾ? ಮಕ್ಕಳಿಲ್ಲ ಮರಿಯಿಲ್ಲ, ತನ್ನ ಪಾಡಿಗೆ ತಾನಿರೋಳು. ಯಾರ ತಂಟೆಗೂ ಹೋಗೋಳಲ್ಲ."

"ಸಾಕು ಸಾಕು ಅಂತ ಗಂಟಲು ಹರ್ಕೊಂಡೆ ಕಣ್ರೀ. ಅಂದಷ್ಟೂ ಬಡಿಸಿದ್ಲು!"

"ಏನಂತ ಅಂದ್ರಿ?"

"ತೊಲೂ ಅಂತ."

ಅಂಗಡಿಯವನ ನಗು ನಿಂತಿತು.

"ಅದು ಸಾಕು ಅಂತಲ್ಲಣ್ಣ," ಎಂದ. "ಅಮ್ಮಾ ಅಂತ."