ಸ್ವಲ್ಪ ತಡಿಯಪ್ಪಾ

ಒಗೆದ ಬಟ್ಟೆ ಮಡಚುತ್ತಿದ್ದ ಅತ್ತೆಯ ಕೈ ಹಾಗೇ ನಿಂತಿತು. ಎಲ್ಲರೂ ಸೇರಿ ಬರೆಯುವ ವಿಕಿಯಲ್ಲಿ ಹಕ್ಕಿಗಳ ಪುಟಗಳ ಮುರಿದ ಕೊಂಡಿಗಳನ್ನು ಅವರು ವರ್ಷಗಟ್ಟಲೆ ಕೂತು ಒಂದೊಂದಾಗಿ ಸರಿಪಡಿಸಿದ್ದರು. ಈಗ ಸೊಸೆ ಕಟ್ಟಿದ ಬಾಟ್ ಎಂಬ ಪುಟ್ಟ ತಂತ್ರಾಂಶ, ಪರೀಕ್ಷೆಗೆಂದು ಇಟ್ಟ ನಕಲು ಪುಟಗಳಲ್ಲಿ ಅದೇ ಕೆಲಸವನ್ನು ರೆಪ್ಪೆ ಮಿಟುಕಿಸುವಷ್ಟರಲ್ಲಿ ತಾನೇ ಮಾಡಿಕೊಂಡು ಓಡುತ್ತಿತ್ತು.

"ಇದನ್ನ ನಿಜವಾದ ಪುಟಗಳಲ್ಲಿ ಓಡಿಸೋಕೆ ವಿಕಿಯವರ ಒಪ್ಪಿಗೆ ಕೇಳೋ ಅರ್ಜಿ ಬರೆದಿಟ್ಟು ಎಷ್ಟು ಕಾಲ ಆಯ್ತು, ಅತ್ತೆ. ನೀವು ಹೂಂ ಅನ್ನದೆ ನಾನು ಕಳಿಸಲ್ಲ."

"ಓಡೋದೇನೋ ಓಡುತ್ತೆ. ದಾರಿ ತಪ್ಪಿ, ಜನ ಕಷ್ಟಪಟ್ಟು ಬರೆದದ್ದನ್ನೆಲ್ಲ ಕೆಡಿಸಿದರೆ? ನೀನು ಹಾಯಾಗಿ ಮಲಗಿರ್ತೀಯ. ನಾನು ಯಾರ ಕಿವಿ ಹಿಂಡಲಿ?"

ಸೊಸೆ ನಕ್ಕು ಕೀಲಿಮಣೆಯನ್ನು ಅವರ ಮುಂದೆ ತಳ್ಳಿದಳು. "ಅದರ ಚರ್ಚೆ ಪುಟದಲ್ಲಿ ಏನಾದ್ರೂ ಬರೀರಿ. ಯಾರು ಬರೆದರೂ ಅದು ನಿಲ್ಲುತ್ತೆ."

ಅತ್ತೆ ಅಕ್ಷರ ಹುಡುಕಿ ಹುಡುಕಿ ಒತ್ತಿದರು: ಸ್ವಲ್ಪ ತಡಿಯಪ್ಪಾ. ಉಳಿಸಿದ ಕ್ಷಣವೇ ಓಟ ನಿಂತುಹೋಯಿತು. ಒಂದು ಪುಟವೂ ಮುಂದಕ್ಕಿಲ್ಲ. ಅಷ್ಟು ವೇಗದ್ದು, ದಣಿವೇ ಅರಿಯದ್ದು, ಮಂಡಿನೋವಿನ ಮುದುಕಿಯೊಬ್ಬಳ ಮಾತಿಗೆ ಕೈಕಟ್ಟಿ ನಿಂತಿತ್ತು.

"ಈ ಮನೇಲಿ ನನ್ನ ಮಾತು ಒಂದೇ ಸಲಕ್ಕೆ ನಡೆದದ್ದು ಇವತ್ತೇ ಕಣೇ," ಎಂದರು ಮೆಲ್ಲಗೆ. ಮಡಿಲಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟರು. ಸೊಸೆಯ ಕೈಲಿ ಅರ್ಜಿಯ ಪುಟ ತೆಗೆಸಿ, 'ಕಳಿಸು' ಎಂಬ ಗುಂಡಿಯನ್ನು ತಾವೇ ಒತ್ತಿದರು.