ಯಾವ ಕಾಲದ ಬುಡ್ಡಿ

"ಹೇಳೋ ಮುದುಕಾ, ಇದು ಯಾವ ಕಾಲದ್ದು?" ತೋಳಿಗೆ ಕೆಂಪು ಪಟ್ಟಿ ಕಟ್ಟಿ ಮನೆಗೆ ನುಗ್ಗಿದ್ದ ಗುಂಪಿನ ಹುಡುಗಿಯೊಬ್ಬಳು ಪಿಂಗಾಣಿಯ ನಶ್ಯದ ಬುಡ್ಡಿಯನ್ನು ತೊಂಗ್ ಮೇಷ್ಟರ ಮುಖಕ್ಕೆ ಹಿಡಿದಳು. ಬೀಜಿಂಗಿನಲ್ಲಿ ಸಾಂಸ್ಕೃತಿಕ ಕ್ರಾಂತಿಯ ಆ ಬೇಸಿಗೆ ಹಳೆಯದನ್ನು ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಪಕ್ಕದ ಮನೆಯವರನ್ನು ಬೆಳಿಗ್ಗೆಯಷ್ಟೇ ಬೀದಿಗೆಳೆದು ಬಡಿದಿದ್ದರು. ಪಿಂಗಾಣಿಯ ವಯಸ್ಸಿನ ವಿಷಯದಲ್ಲಿ ಎಂದೂ ಸುಳ್ಳಾಡದ ಮೇಷ್ಟರು, "ಹೊಸದಮ್ಮಾ, ಸಂತೇದು" ಎಂದರು.

"ಹಂಗಾದ್ರೆ ಒಡಿ ನೋಡೋಣ!" ಹುಡುಗಿ ಬುಡ್ಡಿಯನ್ನು ಅವರ ಕೈಗೆ ತುರುಕಿದಳು. ಮೇಷ್ಟರ ಕೈ ಮೇಲೇಳಲೇ ಇಲ್ಲ. ಹೆಬ್ಬೆರಳು ತಳದ ಕೆಂಪು ಮುದ್ರೆಯನ್ನು ಸವರುತ್ತ ಅಲ್ಲೇ ನಿಂತಿತು. ಹುಡುಗಿ ಬಡಿಯಲು ಸೊಂಟದ ಬೆಲ್ಟು ಬಿಚ್ಚಿದಳು. ಅಷ್ಟರಲ್ಲಿ ಹೆಂಡತಿ ರೂಯಿಜೆನ್ ನುಗ್ಗಿ ಬಂದು ಬುಡ್ಡಿಯನ್ನು ಕಸಿದು ನೆಲಕ್ಕೆ ಅಪ್ಪಳಿಸಿದಳು. "ಸಂತೆ ಸಾಮಾನಿಗೆ ಇಷ್ಟು ಒದ್ದಾಡ್ತೀರಲ್ಲ, ಥೂ!" ಗುಂಪು ಗೊಳ್ಳೆಂದು ನಕ್ಕು ಹೊರಟುಹೋಯಿತು.

ಮೇಷ್ಟರು ಹೆಂಡತಿಯ ಮುಖ ನೋಡಲಿಲ್ಲ. ಒಂದು ದಿನವಾದರೂ ತನ್ನ ಮಾತಿಗೆ ಕಿವಿಗೊಟ್ಟವಳಲ್ಲ, ಇವಳಿಗೇನು ಗೊತ್ತು ಎಂದು ಒಳಗೇ ಕುದಿದರು.

ರೂಯಿಜೆನ್ ಕುಕ್ಕರುಗಾಲಲ್ಲಿ ಕೂತು ಚೂರುಗಳನ್ನು ಆಯತೊಡಗಿದಳು. "ದಾವೊಗುವಾಂಗ್ ದೊರೆಯ ಕಾಲದ್ದು, ನೂರು ವರ್ಷದ ಮೇಲಾಯ್ತು," ಎಂದಳು. "ಈ ಕೆಂಪು ಮುದ್ರೆ, ಸವೆದ ಅಡಿಯಂಚು, ಎಲ್ಲಾ ನೀವೇ ತೋರಿಸಿಕೊಟ್ಟಿದ್ರಿ." ಅವಳ ದನಿ ಒಡೆಯಿತು. "ಗೊತ್ತಿದ್ದೇ ಒಡೆದೆ ಕಣ್ರೀ."