ಬೋರ್ಡಿನ ಮೇಲಿನ ಹೆಸರು

"ಸಂಜೆಯೊಳಗೆ ಯಜಮಾನ ನನ್ನೆದುರಿಗೆ ಬಂದು ರುಜು ಹಾಕ್ಬೇಕು ಕಣಮ್ಮ. ಇಲ್ದಿದ್ರೆ ಹೋಟ್ಲಿಗೆ ಬೀಗ!"

ಪುರಸಭೆಗೆ ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿ ವೆಂಕಟರವಣಪ್ಪ ಅಷ್ಟು ಹೇಳಿ, ಕಾಫಿ ಕುಡಿದು ಎದ್ದರು. ಹಳೇ ಆಣೆಯನ್ನೂ ಇಡಲಿಲ್ಲ, ಹೊಸ ನಯಾಪೈಸೆಯನ್ನೂ ಇಡಲಿಲ್ಲ.

ಚಿಂತಾಮಣಿ ಬಸ್‌ಸ್ಟ್ಯಾಂಡಿನ ಎದುರಿನ ಆ ಹೋಟೆಲಿಗೆ 'ಆವಲಪ್ಪ ಹೋಟೆಲ್' ಎಂದು ಬೋರ್ಡು. ಒಲೆ ಊದುವವಳು, ಇಡ್ಲಿ ಬೇಯಿಸುವವಳು, ಗಿರಾಕಿಗಳಿಂದ ಬೈಸಿಕೊಳ್ಳುವವಳು ಮಾತ್ರ ರಾಮಲಕ್ಷ್ಮಮ್ಮ. ಲೈಸೆನ್ಸು ಗಂಡನದು. ಬದನೆಕಾಯಿ ಕಂಡರಾಗದ ಆ ಮಹಾರಾಯ ಗೌರಿಬಿದನೂರಿಗೆ ಹೋಗಿಬರುತ್ತೇನೆಂದು ಬಸ್ಸು ಹತ್ತಿ ಒಂಬತ್ತು ವರ್ಷವಾಗಿತ್ತು. ಅವನು ರುಜು ಹಾಕಿದರೆ ಲೈಸೆನ್ಸು ಇವಳ ಹೆಸರಿಗಾಗುತ್ತದೆ. ಇಲ್ಲದಿದ್ದರೆ ಇವಳು ಬೀದಿಪಾಲು.

ಸೆರಗಿಗೆ ಕೈ ಒರೆಸಿಕೊಂಡು ರಸ್ತೆ ದಾಟಿದಳು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ನಾಲ್ಕೈದು ದಿನದಿಂದ ಒಬ್ಬ ಗಡ್ಡದವನು ಕೂತಿದ್ದ. ಯಾವ ಬಸ್ಸನ್ನೂ ಹತ್ತುತ್ತಿರಲಿಲ್ಲ.

"ಒಂದು ಕೆಲ್ಸ ಐತೆ, ಮಾಡ್ತೀಯೇನಪ್ಪ? ಪುರಸಭೆಯೋರು ಬಂದಾಗ ನೀನೇ ಹೋಟ್ಲು ಯಜಮಾನ ಅಂತ ರುಜು ಹಾಕ್ಬೇಕು. ಊಟ ಹಾಕಿ ಬಸ್ ಚಾರ್ಜ್ ಕೊಡ್ತೀನಿ."

ಅವನು ಅವಳ ಮುಖವನ್ನೇ ನೋಡಿದ. "ಯಜಮಾನನ ಹೆಸರು?"

ಗಂಡನ ಹೆಸರು ಬಾಯಿಬಿಟ್ಟು ಹೇಳುವ ಹೆಂಗಸೇ ಅವಳು? ಬೋರ್ಡಿನತ್ತ ಕೈ ತೋರಿಸಿದಳು.

ಹೋಟೆಲಿಗೆ ಊಟಕ್ಕೆ ಬಂದವನು ಕೈ ತೊಳೆಯಲು ಹಿತ್ತಿಲಿಗೆ ಹೋದ. ಆ ಗಿಡ್ಡ ಬಾಗಿಲಿಗೆ ಹೊಸಬರೆಲ್ಲ ಹಣೆ ಬಡಿಸಿಕೊಂಡು ಶಪಿಸುತ್ತಿದ್ದರು. ಇವನು ತಲೆ ಬಗ್ಗಿಸಿಕೊಂಡೇ ಹೋದ. ಉಳಿದವರ ಎಲೆಗೆಲ್ಲ ಬದನೆಕಾಯಿ ಹುಳಿ ಬಿತ್ತು, ಅವನ ಎಲೆಗೆ ಬರೀ ಬೇಳೆಸಾರು. ಯಾಕೆಂದು ಅವನು ಕೇಳಲಿಲ್ಲ.

ಸಂಜೆ ವೆಂಕಟರವಣಪ್ಪ ಬಂದರು. "ಎಲ್ಲಯ್ಯಾ ಹಾಳಾಗಿ ಹೋಗಿದ್ದೆ ಇಷ್ಟು ವರ್ಷ?"

"ಬುದ್ಧಿ ಕೆಟ್ಟಿತ್ತು ಸ್ವಾಮಿ."

"ಹೋಟ್ಲು ಹೆಂಡ್ತಿಗೆ ಬಿಟ್ಟುಕೊಡ್ತೀಯಾ?"

"ಅದು ಅವಳದೇ."

ರುಜು ಬಿತ್ತು. "ಪರವಾಗಿಲ್ಲ ಕಣಮ್ಮ, ಬಂಗಾರದಂಥ ಗಂಡ!" ಎನ್ನುತ್ತಾ ಅವರು ಇನ್ನೊಂದು ಬಿಟ್ಟಿ ಕಾಫಿ ಕುಡಿದು ಹೋದರು.

ರಾಮಲಕ್ಷ್ಮಮ್ಮನಿಗೆ ಖುಷಿಯಾಗಲಿಲ್ಲ. ಅಳುವೂ ಬರಲಿಲ್ಲ. ಎದೆ ಮರಗಟ್ಟಿ ಎಷ್ಟೋ ಕಾಲವಾಗಿತ್ತು. ಬಸ್ ಚಾರ್ಜನ್ನು ಬೆಂಚಿನ ಮೇಲಿಟ್ಟಳು. ಅವನು ಮುಟ್ಟಲಿಲ್ಲ.

"ಪಾತ್ರೆ ತೊಳ್ಕೊಂಡು ಇಲ್ಲೇ ಇರ್ಲಾ?" ಎಂದ.

ಅವಳು ಸ್ಟೂಲು ಹತ್ತಿ ಬೋರ್ಡು ಇಳಿಸಿದಳು. ಅದನ್ನು ಗೋಡೆಗೆ ಮುಖ ಮಾಡಿ ಒರಗಿಸಿದಳು. ಆಮೇಲೆ, ತಾಳಿ ಕಟ್ಟಿಸಿಕೊಂಡಂದಿನಿಂದ ಒಮ್ಮೆಯೂ ಬಾಯಿಗೆ ತರದಿದ್ದ ಹೆಸರನ್ನು ಅವನ ಮುಖ ನೋಡಿಯೇ ಹೇಳಿದಳು.

"ಅವತ್ತು ನನ್ನ ಬಿಟ್ಟು ನೀನು ಹತ್ತಿ ಹೋದ ಗೌರಿಬಿದನೂರು ಬಸ್ಸೇ ಬಂತು ನೋಡು, ಹೊರಡಪ್ಪ ಆವಲಪ್ಪ."